ಒಂದುಗಳ ಹಾರ ಪೋಣಿಸಿದ ಆಚಾರ್ಯರು

ರಾಮದುರ್ಗ ತಾಲ್ಲೂಕಿನ ನನ್ನೂರು ಸುರೇಬಾನದ ಪಶ್ಚಿಮಕ್ಕೆ ಬೈಲಹೊಂಗಲದ ಒಕ್ಕುಂದ, ಪೂರ್ವಕ್ಕೆ ಪಟ್ಟದಕಲ್ಲು. ತಿರುಳ್ಗನ್ನಡದ ನಾಡಿಗೆ ‘ಕವಿರಾಜಮಾರ್ಗ’ ಎಲ್ಲೆಯಾಗಿ ಹೆಸರಿಸಿದ ನಾಲ್ಕು ಊರುಗಳಲ್ಲಿ ಇವೂ ಎರಡು. ಆ ಕೃತಿ ಹುಟ್ಟಿದ್ದು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ (ಕ್ರಿ.ಶ. 814–878) ಆಸ್ಥಾನದಲ್ಲಿ. ಮಹಾವೀರಾಚಾರ್ಯರು ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದ್ದೂ ಅದೇ ಅರಸನ ಆಳ್ವಿಕೆಯಲ್ಲಿ. ಆಚಾರ್ಯರ ಹೆಸರನ್ನು ಕೇಳಿದವರು ಬಹಳ. ಕೃತಿಯನ್ನು ತೆರೆದವರು ವಿರಳ.

ಆರ್ಯಭಟ, ಬ್ರಹ್ಮಗುಪ್ತರಲ್ಲಿ ಗಣಿತವು ಜ್ಯೋತಿಷ ಗ್ರಂಥದ ಒಂದು ಭಾಗವಷ್ಟೆ. ಜೈನ ಪರಂಪರೆಯ ಈ ಆಚಾರ್ಯರು ಗಣಿತಕ್ಕೇ 1100ಕ್ಕೂ ಹೆಚ್ಚು ಶ್ಲೋಕಗಳನ್ನು ಮೀಸಲಿಟ್ಟರು. ಆರಂಭದಲ್ಲಿ ದೊರೆಯನ್ನು ಹೊಗಳಿ, ಬಳಿಕ ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು ಎಲ್ಲಕ್ಕೂ ಲೆಕ್ಕ ಬೇಕೆನ್ನುತ್ತಾರೆ. ಪಟ್ಟಿಯಲ್ಲಿ ಅರ್ಥಶಾಸ್ತ್ರವೂ ಇರುವುದು ಆ ವಿಷಯದಲ್ಲಿ ಎಂ.ಎ. ಮಾಡಿದ ನನಗೆ ತುಸು ಹೆಮ್ಮೆ. ಬಡ್ಡಿಯ ಲೆಕ್ಕಗಳಂತೂ ಹೇರಳವಾಗಿವೆ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದವರೂ ಅವರೇ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದು ಅವರು ಬರೆದದ್ದು ಮಾತ್ರ ತಪ್ಪು; ಅಭಿಮಾನದಿಂದ ಅದನ್ನು ಮುಚ್ಚಿಡಬೇಕಿಲ್ಲ.

ನನ್ನನ್ನು ಸೆಳೆದದ್ದು ಅವರ ಕಂಠಿಕೆಗಳು, ಅಂದರೆ ಹಾರದಂತೆ ಎರಡೂ ಕಡೆಯಿಂದ ಒಂದೇ ಬಗೆಯಾಗಿ ಕಾಣುವ ಸಂಖ್ಯೆಗಳು. 27994681ನ್ನು 441ರಿಂದ ಗುಣಿಸಿದರೆ 12345654321. ಆರರವರೆಗೆ ಏರಿ ಮತ್ತೆ ಇಳಿಯುವ ಈ ಹಾರ, ಆರು ಒಂದುಗಳ 111111ರ ವರ್ಗ. ಆ 111111ನ್ನು ಒಡೆದರೆ 3, 7, 11, 13, 37 ಎಂಬ ಅವಿಭಾಜ್ಯಗಳು ಉದುರುತ್ತವೆ.

ಒಂದುಗಳ ಹಾರವೇ ಅವಿಭಾಜ್ಯವಾಗುವುದುಂಟೆ? ಉಂಟು, ಆದರೆ ಅಪರೂಪ. 11ರ ನಂತರ ಅಂಥದ್ದು ಸಿಗುವುದು 19 ಒಂದುಗಳಲ್ಲಿ. ಆಮೇಲೆ 23, 317, 1031. ಒಂದುಗಳ ಎಣಿಕೆಯೇ ವಿಭಾಜ್ಯವಾದರೆ ಹಾರವೂ ಒಡೆಯುತ್ತದೆ: ಆರು ಒಂದುಗಳನ್ನು ಜೋಡಿ ಜೋಡಿಯಾಗಿ ಬಿಡಿಸಿದರೆ 11 ಗುಣಿಸು 10101. ಎಣಿಕೆ ಅವಿಭಾಜ್ಯವಾದ ಮಾತ್ರಕ್ಕೆ ಸಾಲದು. 111 ಎಂದರೆ 3 ಗುಣಿಸು 37.

2024ರ ಅಕ್ಟೋಬರ್‌ನಲ್ಲಿ ಪತ್ತೆಯಾದ ಬೃಹತ್ ಅವಿಭಾಜ್ಯವೂ ಇದೇ ಕುಲದ್ದು. 2ರ 136279841ನೇ ಘಾತದಿಂದ 1ನ್ನು ಕಳೆದರೆ ದೊರೆಯುವ ಅದರಲ್ಲಿ 41024320 ಅಂಕಿಗಳಿವೆ. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಅದು 136279841 ಒಂದುಗಳ ಅಖಂಡ ಹಾರ!

ಇದರಿಂದೇನು ಪ್ರಯೋಜನ? ಸರ್ಕಾರಿ ಕಡತದಲ್ಲಿ ನಾನು ದಶಕಗಳ ಕಾಲ ಎದುರಿಸಿದ ಪ್ರಶ್ನೆಯಿದು. ಆ ಒಂದು ಅಂಕಣ ಖಾಲಿಯಿದ್ದರೆ ಅನುದಾನ ಅಲ್ಲಿಗೇ ನಿಲ್ಲುತ್ತದೆ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಒಡೆಯುವುದು ಕಷ್ಟ. ಈ ಗುಣವನ್ನೇ ನಂಬಿದ ಗೂಢಲಿಪಿ 1977ರಲ್ಲಿ ರೂಪುಗೊಂಡಿತು. ಅಂತರ್ಜಾಲದ ಹಣಕಾಸು ವಹಿವಾಟಿನ ರಕ್ಷಣೆಗೆ ಅದು ಬಹುಕಾಲ ಆಧಾರವಾಯಿತು. ಅದಕ್ಕೂ ಹಿಂದಿನ ಎರಡು ಸಾವಿರ ವರ್ಷ ಅವಿಭಾಜ್ಯಗಳನ್ನು ಅರಸಿದವರು ಕಡತದಲ್ಲಿ ಏನೆಂದು ಬರೆಯುತ್ತಿದ್ದರು?

ಆಚಾರ್ಯರ ಕೃತಿಯನ್ನು ಪಾವುಲೂರಿ ಮಲ್ಲನ 11ನೇ ಶತಮಾನದಲ್ಲಿ ತೆಲುಗಿಗೆ ತಂದ. ರಂಗಾಚಾರ್ಯರ ಇಂಗ್ಲಿಷ್ ಅನುವಾದ ಹೊರಬಂದದ್ದು 1912ರಲ್ಲಿ, ಮದರಾಸಿನಿಂದ. ಅದರ ಖರ್ಚನ್ನು ಹೊತ್ತದ್ದು ಅಲ್ಲಿನ ಸರ್ಕಾರ.