ಉದ್ಯಾನಶಿಲ್ಪಿ ಕೃಂಬಿಗಲ್

ಮನೆಯನ್ನು ಕಟ್ಟುವವನು ತನ್ನ ಶ್ರಮದ ಫಲವನ್ನು ಬೇಗನೆ ಕಾಣಬಲ್ಲನು. ತೋಟವನ್ನು ರೂಪಿಸುವವನಿಗೆ ಆ ಭಾಗ್ಯವಿಲ್ಲ. ಅವನು ನೆಟ್ಟ ಸಸಿಯ ನೆರಳು ಮುಂದಿನ ತಲೆಮಾರಿನವರಿಗೆ ಸಲ್ಲುವುದು. ಹೀಗೆ ಪರರ ನೆರಳಿಗಾಗಿ ಬಾಳನ್ನು ಮುಡಿಪಾಗಿಟ್ಟವರಲ್ಲಿ ಗುಸ್ತಾವ್ ಹರ್ಮನ್ ಕೃಂಬಿಗಲ್ ಅವರೂ ಒಬ್ಬರು.

ಅವರು 1865ರಲ್ಲಿ ಜರ್ಮನಿಯ ಡ್ರೆಸ್ಡನ್ ನಗರದ ಸಮೀಪ ಜನಿಸಿದರು. ತಾಯ್ನಾಡಿನಲ್ಲಿ ತೋಟಗಾರಿಕೆಯನ್ನು ಕಲಿತು ಇಂಗ್ಲೆಂಡಿಗೆ ತೆರಳಿ, ಲಂಡನ್ನಿನ ಹೈಡ್ ಪಾರ್ಕಿನಲ್ಲಿಯೂ ಕ್ಯೂ ಸಸ್ಯೋದ್ಯಾನದಲ್ಲಿಯೂ ದುಡಿದರು. 1893ರಲ್ಲಿ ಬರೋಡಾ ಸಂಸ್ಥಾನಕ್ಕೆ ಬಂದು ಅಲ್ಲಿಯ ಉದ್ಯಾನಗಳ ಹೊಣೆ ಹೊತ್ತರು. ಅವರ ಕೌಶಲವನ್ನು ಮೆಚ್ಚಿದ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಮೈಸೂರು ಸಂಸ್ಥಾನಕ್ಕೆ ಬರಮಾಡಿಕೊಂಡರು. 1908ರಲ್ಲಿ ಲಾಲ್‌ಬಾಗಿನ ಆಡಳಿತ ಅವರ ಕೈಸೇರಿತು.

ತೋಟವು ಮೊದಲು ಮನಸ್ಸಿನಲ್ಲಿ ಮೂಡಿ, ಬಳಿಕ ನಕ್ಷೆಗಿಳಿದು, ಕೊನೆಗೆ ನೆಲದಲ್ಲಿ ಬೇರೂರಬೇಕು. ನೆಲದ ಇಳಿಜಾರು, ಮಣ್ಣಿನ ಗುಣ, ನೀರಿನ ಆಸರೆ, ಬಿಸಿಲಿನ ದಿಕ್ಕು ಇವುಗಳನ್ನರಿಯದೆ ಎಳೆದ ಗೆರೆ ವ್ಯರ್ಥ. ಮೊದಲು ಹಾದಿಗಳನ್ನೂ ದೊಡ್ಡ ಮರಗಳ ಸ್ಥಾನವನ್ನೂ ಗೊತ್ತುಮಾಡಿ, ಆಮೇಲೆ ಪೊದೆಗಳಿಗೂ ಹೂವಿನ ಪಾತಿಗಳಿಗೂ ಎಡೆಮಾಡಬೇಕು. ಇಂದಿನ ಗೇಣುದ್ದದ ಸಸಿ ಬೆಳೆದಾಗ ಎಷ್ಟು ಹರಡೀತೆಂಬ ಲೆಕ್ಕವೂ ನಕ್ಷೆಯಲ್ಲಿರಬೇಕು. ಕೃಂಬಿಗಲ್ಲರು ಇದರೊಡನೆ ಋತುಗಳನ್ನೂ ಗಣಿಸಿದರು. ಒಂದು ಜಾತಿಯ ಮರ ಹೂವುದುರಿಸುವ ಹೊತ್ತಿಗೆ ಮತ್ತೊಂದು ಅರಳುವಂತೆ ಬೆಂಗಳೂರಿನ ಬೀದಿಗಳಲ್ಲಿ ಸಾಲುಮರಗಳನ್ನು ಯೋಜಿಸಿದರು. ಗುಲಾಬಿ ಬಣ್ಣದ ಟಬೂಬಿಯ, ನೀಲಿಗೆಂಪಿನ ಜಕರಂಡ, ಕೆಂಡದಂತಹ ಗುಲ್‌ಮೊಹರ್ ಇವು ಸರದಿಯಂತೆ ನಗರವನ್ನು ಸಿಂಗರಿಸುತ್ತವೆ. ಕನ್ನಂಬಾಡಿ ಅಣೆಕಟ್ಟೆಯ ಬೃಂದಾವನದ ರಚನೆಯಲ್ಲಿಯೂ ಅವರ ಕೈವಾಡವಿತ್ತು.

ಈ ವಿವೇಕ ಅರಮನೆಗೆಷ್ಟು ಬೇಕೋ ಬಡವನ ಅಂಗಳಕ್ಕೂ ಅಷ್ಟೇ ಬೇಕು. ಬೆಂಗಳೂರಿನ ಕೆಂಪು ಮಣ್ಣಿಗೆ ಬರೆದ ನಕ್ಷೆ ಮಲಪ್ರಭೆಯ ದಡದ ಹೊಳೆಆಲೂರಿಗೆ ಒಗ್ಗದು. ಅಲ್ಲಿಯ ಎರೆಭೂಮಿ ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ. ಅಂತಹ ಕಡೆ ದೊಡ್ಡ ಮರವನ್ನು ಗೋಡೆಯಿಂದ ದೂರವಿರಿಸಿ, ಬರವನ್ನು ತಾಳುವ ಬೇವನ್ನು ಆರಿಸಿಕೊಳ್ಳುವುದೇ ಜಾಣತನ.

1932ರಲ್ಲಿ ನಿವೃತ್ತರಾದರೂ ಕೃಂಬಿಗಲ್ಲರು ತಾಯ್ನಾಡಿಗೆ ಮರಳಿ ನೆಲೆಸಲಿಲ್ಲ. ಎರಡನೆಯ ಮಹಾಯುದ್ಧ ಆರಂಭವಾದಾಗ, ಜರ್ಮನ್ ಪ್ರಜೆಯೆಂಬ ಕಾರಣಕ್ಕೆ ಬ್ರಿಟಿಷ್ ಸರಕಾರ ಅವರನ್ನು ಶತ್ರುವೆಂದು ಗಣಿಸಿ ಬಂಧನದಲ್ಲಿರಿಸಿತು. ತಾವೇ ನೆರಳಿತ್ತ ನಾಡಿನಲ್ಲಿ ವೃದ್ಧಾಪ್ಯದಲ್ಲಿ ಒದಗಿದ ಈ ಅವಮಾನವೂ ಅವರನ್ನು ಇಲ್ಲಿಂದ ದೂರಮಾಡಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲಿಯೇ ಕೊನೆಯುಸಿರೆಳೆದು, ಇಲ್ಲಿಯ ಮಣ್ಣಿನಲ್ಲಿಯೇ ಮಣ್ಣಾದರು.

ಲಾಲ್‌ಬಾಗಿನ ಬಳಿಯ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ. ಆ ಹೆಸರನ್ನು ಓದದೆ ಸಾಗುವ ದಾರಿಹೋಕರಿಗೂ ಮರಗಳು ನೆರಳನ್ನು ನೀಡುತ್ತಲೇ ಇವೆ.