ರುಚಿಯನ್ನು ಬಲ್ಲ ಕವಿ: ಕಲ್ಲಹಳ್ಳಿಯ ಮೂರನೆಯ ಮಂಗರಸ

ಲಕ್ಷ್ಮಣತೀರ್ಥ ನದಿಯು ಹರಿಯುವ ಹುಣಸೂರು ಸೀಮೆಯೂ ಅದರ ನೆರೆಯ ಪಿರಿಯಾಪಟ್ಟಣ, ಕೃಷ್ಣರಾಜನಗರ ಸೀಮೆಗಳೂ ಒಂದು ಕಾಲದಲ್ಲಿ ಚೆಂಗಾಳ್ವ ಅರಸರ ಆಳ್ವಿಕೆಗೆ ಒಳಪಟ್ಟಿದ್ದವು. ಹನ್ನೊಂದನೆಯ ಶತಮಾನದಲ್ಲಿ ಈ ವಂಶದ ಅರಸರು ಬಸದಿಗಳಿಗೆ ಆಶ್ರಯದಾತರಾಗಿದ್ದರೆಂಬುದಕ್ಕೆ ಹನಸೋಗೆಯ ಶಾಸನಗಳು ಸಾಕ್ಷಿಯಾಗಿವೆ. ಕಾಲಾಂತರದಲ್ಲಿ ಅರಸುಮನೆತನವು ಶೈವಮಾರ್ಗವನ್ನು ಹಿಡಿದು ಬೆಟ್ಟದಪುರದ ಮಲ್ಲಿಕಾರ್ಜುನನನ್ನು ಆರಾಧಿಸತೊಡಗಿತು. ಆದರೆ ಅವರ ಸಚಿವಕುಲಕ್ಕೆ ಸೇರಿದ ಒಂದು ಮನೆತನದಲ್ಲಿ ಜಿನಧರ್ಮದ ದೀಪವು ನಂದದೆ ಉಳಿಯಿತು. ಹುಣಸೂರಿನ ಸಮೀಪದ ಕಲ್ಲಹಳ್ಳಿಯ ಮೂರನೆಯ ಮಂಗರಸನು ಆ ಮನೆತನದ ಕುಡಿ.

ವಿಜಯಭೂಪಾಲನು ಈತನ ತಂದೆ, ದೇವಿಲೆ ತಾಯಿ, ಚಿಕ್ಕಪ್ರಭೇಂದು ಗುರು. ಈತನ ಕಾಲವನ್ನು ಸುಮಾರು ೧೫೦೮ ಎಂದು ಸಾಹಿತ್ಯ ಚರಿತ್ರಕಾರರು ನಿರ್ಣಯಿಸಿದ್ದಾರೆ. ವಿಷವೈದ್ಯದ ಖಗೇಂದ್ರಮಣಿದರ್ಪಣವನ್ನು ಬರೆದವನು ಮೊದಲನೆಯ ಮಂಗರಾಜ. ನಿಘಂಟುವನ್ನು ರಚಿಸಿದವನು ಎರಡನೆಯವನು. ಆದುದರಿಂದ ಈತನು ಮೂರನೆಯವನೆನಿಸಿದನು. ಆಳುವ ಮನೆತನದ ಸುಖಭೋಗಗಳ ನಡುವೆ ಹುಟ್ಟಿ ಬೆಳೆದ ಈ ಪ್ರಭುವು ನೇಮಿಜಿನೇಶ ಸಂಗತಿ, ಶ್ರೀಪಾಲ ಚರಿತೆ, ಪ್ರಭಂಜನ ಚರಿತೆ, ಜಯನೃಪಕಾವ್ಯ, ಸಮ್ಯಕ್ತ್ವ ಕೌಮುದಿ, ಸೂಪಶಾಸ್ತ್ರ ಎಂಬ ಆರು ಗ್ರಂಥಗಳನ್ನು ರಚಿಸಿದನು.

ಇವುಗಳಲ್ಲಿ ಸೂಪಶಾಸ್ತ್ರವು ಅಡುಗೆಯ ಗ್ರಂಥ. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನದ ಬಗೆಗಳು, ಬದನೆ ಬಾಳೆ ಹಲಸುಗಳ ಪಾಕಗಳು, ಇವೆಲ್ಲವನ್ನೂ ಕವಿಯು ವಾರ್ಧಕ ಷಟ್ಪದಿಯಲ್ಲಿ ವಿವರಿಸಿದ್ದಾನೆ. ವ್ರತೋಪವಾಸಗಳ ಮಹಿಮೆಯನ್ನು ಹಾಡಿದವನೇ ನಾಲಗೆಯ ಸವಿಯನ್ನೂ ಬಣ್ಣಿಸಿದನೇ ಎಂದು ವಾಚಕರು ಅಚ್ಚರಿಪಡಬಹುದು. ಆದರೆ ರುಚಿಯೆಂಬ ಶಬ್ದವು ಜಿನಾಗಮದಲ್ಲಿಯೂ ಉಂಟು. ಸಮ್ಯಗ್ದರ್ಶನವೆಂದರೆ ತತ್ತ್ವಾರ್ಥಗಳಲ್ಲಿ ಶ್ರದ್ಧಾನ. ಆ ಶ್ರದ್ಧಾನಕ್ಕೇ ರುಚಿಯೆಂಬುದು ಮತ್ತೊಂದು ಹೆಸರು. ಬೆಲ್ಲದ ಸಿಹಿಯನ್ನು ಎಷ್ಟು ವರ್ಣಿಸಿದರೂ ಸವಿಯದವನಿಗೆ ಅದು ತಿಳಿಯದು. ಆತ್ಮದ ಅನುಭವವೂ ಹಾಗೆಯೇ; ತಂದೆ ಉಂಡರೆ ಮಗನ ಹಸಿವು ಅಡಗುವುದಿಲ್ಲ.

ಸವಿಯುವವನು ಯಾರು ಎಂಬ ಪ್ರಶ್ನೆಯು ಮಂಗರಸನು ಆರಿಸಿಕೊಂಡ ಕಥಾವಸ್ತುಗಳಲ್ಲೆಲ್ಲ ಅಡಗಿದೆ. ನೇಮಿಕುಮಾರನು ಮದುವೆಯ ದಿಬ್ಬಣದಲ್ಲಿ ಹೋಗುತ್ತಿರುವಾಗ, ಔತಣಕ್ಕಾಗಿ ಕೂಡಿಹಾಕಿದ ಪ್ರಾಣಿಗಳ ಆಕ್ರಂದನವನ್ನು ಕೇಳಿ, ರಥವನ್ನು ತಿರುಗಿಸಿ ಗಿರಿನಾರಿಗೆ ತಪಸ್ಸಿಗೆ ತೆರಳಿದನು. ಆ ಕೂಗನ್ನು ದಿಬ್ಬಣದವರೆಲ್ಲರೂ ಕೇಳಿದ್ದರು. ಒಳಗೆ ಎಚ್ಚರಗೊಂಡವನು ಒಬ್ಬನೇ.

ಜಯನೃಪಕಾವ್ಯದ ನಾಯಕನು ಭರತ ಚಕ್ರವರ್ತಿಯ ಸೇನಾಪತಿಯಾದ ಜಯಕುಮಾರ. ಈತನ ತಂದೆ ಸೋಮಪ್ರಭ, ಚಿಕ್ಕಪ್ಪ ಶ್ರೇಯಾಂಸ. ಆದಿತೀರ್ಥಂಕರರು ದೀರ್ಘ ನಿರಾಹಾರದ ತರುವಾಯ ಹಸ್ತಿನಾಪುರಕ್ಕೆ ಬಂದಾಗ, ಆಹಾರದಾನದ ವಿಧಿಯನ್ನು ಅರಿತವರು ಲೋಕದಲ್ಲಿ ಯಾರೂ ಇರಲಿಲ್ಲ. ಶ್ರೇಯಾಂಸನಿಗೆ ಹಿಂದಿನ ಜನ್ಮವೊಂದರಲ್ಲಿ ಮುನಿಗಳಿಗೆ ಆಹಾರವಿತ್ತುದು ಥಟ್ಟನೆ ನೆನಪಾಯಿತು. ಕಬ್ಬಿನ ಹಾಲಿನಿಂದ ಭಗವಂತರ ಪಾರಣೆಯಾಯಿತು. ಅಕ್ಷಯ ತದಿಗೆಯ ಆಚರಣೆಗೆ ಇದೇ ಮೂಲ. ಜಯಕುಮಾರನಿಗೂ ಇಂಥದೇ ಜಾತಿಸ್ಮರಣೆಯಾಯಿತೆಂದು ಆದಿಪುರಾಣದ ಕಥೆಯು ಹೇಳುತ್ತದೆ. ಆಕಾಶದಲ್ಲಿ ವಿದ್ಯಾಧರ ದಂಪತಿಗಳನ್ನು ಕಂಡು ಆತನೂ, ಪಾರಿವಾಳದ ಜೋಡಿಯನ್ನು ಕಂಡು ಪತ್ನಿ ಸುಲೋಚನೆಯೂ ಪೂರ್ವಜನ್ಮದ ಹೆಸರುಗಳನ್ನು ಕೂಗಿ ಮೂರ್ಛೆಹೋದರು.

ಅಂದು ಪಾರಿವಾಳವಾಗಿದ್ದವನೂ ಇಂದು ಸೇನಾಪತಿಯಾಗಿರುವವನೂ ಒಬ್ಬನೇ ಎನ್ನಲು ಆಧಾರವೇನು? ಆಂಗ್ಲ ತತ್ತ್ವಜ್ಞಾನಿ ಜಾನ್ ಲಾಕ್ ೧೬೯೪ರಲ್ಲಿ ಈ ಬಗೆಯ ಪ್ರಶ್ನೆಯನ್ನು ಎತ್ತಿ, ಹಿಂದಿನದನ್ನು ತನ್ನದೆಂದು ಅರಿಯುವ ಪ್ರಜ್ಞೆಯು ಎಲ್ಲಿಯವರೆಗೆ ಚಾಚುವುದೋ ಅಲ್ಲಿಯವರೆಗೆ ವ್ಯಕ್ತಿಯು ಒಬ್ಬನೇ ಎಂದನು. ಜೈನಸಿದ್ಧಾಂತವು ಇದನ್ನು ಒಪ್ಪುವುದಿಲ್ಲ. ಮೂರ್ಛೆಗೆ ಮುನ್ನ ಜಯಕುಮಾರನಿಗೆ ಸ್ಮೃತಿಯಿರಲಿಲ್ಲ. ಆದರೆ ಜೀವವು ಅದೇ ಆಗಿದ್ದಿತು. ಸ್ಮೃತಿಯು ಐಕ್ಯವನ್ನು ತೋರಿಸುತ್ತದೆಯೇ ಹೊರತು ಉಂಟುಮಾಡುವುದಿಲ್ಲ. ಒಂದೇ ಕಣಕವು ರೊಟ್ಟಿಯೂ ಆಗುತ್ತದೆ, ಮಂಡಿಗೆಯೂ ಆಗುತ್ತದೆ. ಪರ್ಯಾಯಗಳು ಬೇರೆ, ದ್ರವ್ಯವು ಒಂದು. ಕಣಕವು ತನ್ನನ್ನು ತಾನು ಅರಿಯದು, ಜೀವವು ಅರಿಯಬಲ್ಲದು. ಜೀವದ ಹಿರಿಮೆಯೂ ಹೊಣೆಯೂ ಇದೇ.

ಈ ಹೊಣೆಯ ಕಥೆಯೇ ಸಮ್ಯಕ್ತ್ವ ಕೌಮುದಿ. ಕೌಮುದೀ ಉತ್ಸವದ ಇರುಳು ಉದಿತೋದಯ ರಾಜನ ಪಟ್ಟಣದಲ್ಲಿ ಸಂಭ್ರಮವೋ ಸಂಭ್ರಮ. ಅರ್ಹದ್ದಾಸ ಶ್ರೇಷ್ಠಿಯು ಮಾತ್ರ ತನ್ನ ಎಂಟು ಮಂದಿ ಪತ್ನಿಯರೊಡನೆ ಮನೆಯ ಚೈತ್ಯಾಲಯದಲ್ಲಿ ಪೂಜೆ, ಜಾಗರಣೆಗಳಲ್ಲಿ ನಿರತನಾಗಿದ್ದನು. ತಮಗೆ ಸಮ್ಯಕ್ತ್ವವು ಹೇಗೆ ಪ್ರಾಪ್ತವಾಯಿತೆಂಬುದನ್ನು ಶ್ರೇಷ್ಠಿಯೂ ಪತ್ನಿಯರೂ ಒಬ್ಬೊಬ್ಬರಾಗಿ ಹೇಳಿದರು. ಪ್ರತಿ ಕಥೆಗೂ ಉಳಿದವರೆಲ್ಲರೂ ತಲೆದೂಗಿದರು. ಕಿರಿಯಳಾದ ಕುಂದಲತೆಯು ಮಾತ್ರ ತಾನು ನಂಬೆನೆಂದಳು. ಹೊರಗೆ ಮರೆಯಲ್ಲಿ ನಿಂತು ಕೇಳುತ್ತಿದ್ದ ರಾಜ, ಮಂತ್ರಿ, ಕಳ್ಳ ಮೂವರಿಗೂ ಆಕೆಯ ಮೇಲೆ ಕೋಪವುಂಟಾಯಿತು.

ಬೆಳಗಾದ ಮೇಲೆ ರಾಜನು ಬಂದು ಕಾರಣವನ್ನು ಕೇಳಿದನು. ಕುಂದಲತೆಯ ಉತ್ತರವು ಎಲ್ಲರನ್ನೂ ತಲ್ಲಣಗೊಳಿಸಿತು. ಇವರು ಜಿನಮಾರ್ಗವನ್ನು ಕಂಡು ಕೇಳಿ ಬಲ್ಲವರು. ವ್ರತದ ಫಲವನ್ನು ಬಾಯ್ತುಂಬ ಹೇಳುವವರು. ಆದರೂ ಸಂಸಾರದಲ್ಲಿಯೇ ಉಳಿದಿದ್ದಾರೆ. ತಾನಾದರೋ ಈ ಒಂದು ಇರುಳು ಕೇಳಿದ ಮಾತ್ರಕ್ಕೆ ವಿರಕ್ತಳಾಗಿ ದೀಕ್ಷೆಗೆ ಹೊರಟಿದ್ದೇನೆ. ಹೀಗಿರಲು ಇವರ ಶ್ರದ್ಧೆಯನ್ನು ಹೇಗೆ ನಂಬಲಿ ಎಂಬುದು ಆಕೆಯ ಮಾತಿನ ಸಾರ. ಆಕೆಯ ಹಿಂದೆಯೇ ರಾಜನೂ ಮಂತ್ರಿಯೂ ಕಳ್ಳನೂ ಶ್ರೇಷ್ಠಿಯೂ ಪತ್ನಿಯರೂ ವೈರಾಗ್ಯವನ್ನು ತಾಳಿದರು. ನಂಬುವುದಿಲ್ಲವೆಂದವಳಲ್ಲಿಯೇ ನಿಜವಾದ ರುಚಿಯು ಮೊದಲು ಹುಟ್ಟಿತ್ತು.

ಕುಲಕ್ರಮದಿಂದ ಜೈನರಾದವರಿಗೆ ಈ ಕಥೆಯು ಕಠಿಣವಾದ ಪಾಠ. ಅರಸುಮನೆತನದ ದೈವವು ಬದಲಾದರೂ ಮಂಗರಸನ ಮನೆತನವು ಜಿನಧರ್ಮವನ್ನು ಬಿಡಲಿಲ್ಲ. ಆದರೆ ಕುಲದ ಹೆಸರು ಸಮ್ಯಕ್ತ್ವಕ್ಕೆ ಜಾಮೀನಲ್ಲವೆಂದು ಸಾರುವ ಕಥೆಯನ್ನೇ ಆತನು ಹಾಡಿದನು. ೧೬೪೫ರ ಸುಮಾರಿಗೆ ಪಿರಿಯಾಪಟ್ಟಣವು ಮೈಸೂರಿನ ಒಡೆಯರ ವಶವಾಗಿ ಚೆಂಗಾಳ್ವರ ರಾಜ್ಯವು ಅಳಿಯಿತು. ಕಲ್ಲಹಳ್ಳಿಯ ಪ್ರಭುತ್ವವು ಹೋಯಿತು. ಆ ಪ್ರಭುವಿನ ಕಾವ್ಯಗಳು ಉಳಿದವು.

ಉಪವಾಸವೆಂದರೆ ಆತ್ಮದ ಸಮೀಪದಲ್ಲಿ ವಾಸಿಸುವುದು. ದಿನಗಳನ್ನು ಎಣಿಸುತ್ತ, ಪಾರಣೆಯ ಭಕ್ಷ್ಯಗಳನ್ನು ನೆನೆಯುತ್ತ ಕಳೆದ ಉಪವಾಸದಲ್ಲಿ ಬರಿದಾಗುವುದು ಹೊಟ್ಟೆ ಮಾತ್ರ. ಹಸಿವೆಯಾದಾಗ ಹಸಿವನ್ನು ಅರಿಯುತ್ತಿರುವವನು ಯಾರೆಂದು ಒಳಹೊಕ್ಕು ನೋಡುವ ಶ್ರಾವಕ ಶ್ರಾವಿಕೆಯರಿಗೆ, ಸೂಪಶಾಸ್ತ್ರದ ಯಾವ ಪಾಕದಲ್ಲಿಯೂ ದೊರೆಯದ ರುಚಿಯು ದೊರೆಯುವುದು.