ಕಣ್ಣಿನ ವೈದ್ಯ ಅಲೀ ಇಬ್ನ್ ಈಸಾ

ನಮ್ಮ ಮನೆಗಳಲ್ಲಿ ಸುರ್ಮಾ ಗೊತ್ತಿಲ್ಲದವರಿಲ್ಲ. ಅರಬಿಯಲ್ಲಿ ಅದಕ್ಕೆ ಕುಹ್ಲ್ ಅಂತಾರೆ. ಅದರಿಂದಲೇ ಕಣ್ಣಿನ ವೈದ್ಯರಿಗೆ ಕಹ್ಹಾಲ್ ಎಂಬ ಹೆಸರು ಬಂತು. ಆ ಹೆಸರಿನಿಂದಲೇ ಪ್ರಸಿದ್ಧರಾದವರು ಸುಮಾರು 1000 ವರ್ಷಗಳ ಹಿಂದೆ ಬಗ್ದಾದಿನಲ್ಲಿದ್ದ ಅಲೀ ಇಬ್ನ್ ಈಸಾ.

ಕಣ್ಣಿನ ಸುಮಾರು 130 ಕಾಯಿಲೆಗಳನ್ನು ಅವರು ‘ತದ್ಕಿರತುಲ್ ಕಹ್ಹಾಲೀನ್’ ಗ್ರಂಥದಲ್ಲಿ ವಿವರಿಸಿದರು. ಮೊದಲ ಭಾಗದಲ್ಲಿ ಕಣ್ಣಿನ ರಚನೆ, ಎರಡನೆಯದರಲ್ಲಿ ರೆಪ್ಪೆಯೂ ಸೇರಿ ಹೊರಗೆ ಕಾಣುವ ರೋಗಗಳು, ಮೂರನೆಯದರಲ್ಲಿ ಒಳಗೆ ಅಡಗಿದ ರೋಗಗಳು. ರೆಪ್ಪೆಯ ಕೂದಲು ಒಳಕ್ಕೆ ತಿರುಗಿ ಕಣ್ಣುಗುಡ್ಡೆಗೆ ಚುಚ್ಚುವ ಕಾಯಿಲೆಗೂ ಚಿಕಿತ್ಸೆ ಹೇಳಿದರು.

ಅವರ ಸೂಕ್ಷ್ಮತೆ ಗೊತ್ತಾಗೋದು ಒಂದು ಅಪರೂಪದ ರೋಗದಲ್ಲಿ. ಹಣೆಯ ಪಕ್ಕದ ರಕ್ತನಾಳ ಊದಿಕೊಂಡು ತಲೆನೋವು ಬರುತ್ತದೆ, ಕೊನೆಗೆ ದೃಷ್ಟಿಯೇ ಹೋಗಬಹುದು. ನೋವು ಹಣೆಯಲ್ಲಿ, ಹಾನಿ ಕಣ್ಣಿಗೆ. ಈ ಸಂಬಂಧವನ್ನು ಅವರು ಆಗಲೇ ಗುರುತಿಸಿ, ಆ ನಾಳವನ್ನೇ ಕತ್ತರಿಸಿ ತೆಗೆಯಲು ಹೇಳಿದ್ದರು. ಇಂದು ಅದಕ್ಕೆ ಸ್ಟೀರಾಯ್ಡ್ ಮದ್ದಿದೆ. ಆದರೆ ತಡ ಮಾಡಿದರೆ ಹೋದ ದೃಷ್ಟಿ ಮರಳುವುದು ಕಷ್ಟ.

ಹಾಗಾಗಿ 50 ದಾಟಿದ ಹಿರಿಯರು ಹಿಂದೆಂದೂ ಇಲ್ಲದ ತಲೆನೋವು, ಅಗಿಯುವಾಗ ದವಡೆ ನೋವು, ಕಣ್ಣು ಮಂಜು ಅಂದರೆ ಸುರ್ಮಾ ಹಚ್ಚಿ ಕೂರಿಸಬೇಡಿ. ಅಂದೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ. ಕಣ್ಣು ಅಲ್ಲಾಹು ನಮಗೆ ಕೊಟ್ಟ ಅಮಾನತ್ತು.